ಚೆಸ್ಟರ್ ಇಲ್ಲದ ಲಿಂಕಿನ್ ಪಾರ್ಕ್ ಕೇಳಬೇಕಾ?

ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್ ಮತ್ತು ಅದರಲ್ಲಿ ಹಾಡುತ್ತಿದ್ದ ಚೆಸ್ಟರ್ ಬೆನ್ನಿಂಗ್ಟನ್ ಬಗ್ಗೆ ದಾವಣಗೆರೆ ವಿದ್ಯಾನಗರದ ಓದುಗರೊಬ್ಬರು ಬರೆದ ಪತ್ರ ಇದು. ಉದ್ದವಾಗಿದ್ದರಿಂದ ಮುಖ್ಯವಾದಷ್ಟನ್ನು ಮಾತ್ರ ಇಲ್ಲಿ ಕೊಟ್ಟಿದ್ದೇವೆ.

"ಸಂಪಾದಕರಿಗೆ ನಮಸ್ಕಾರ. 2003ರಲ್ಲಿ ಇಲ್ಲೇ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಲಿಂಕಿನ್ ಪಾರ್ಕ್ ಹುಚ್ಚು ಹತ್ತಿತು. ಎರಡನೇ ವರ್ಷದಲ್ಲಿ ಅಪ್ಪ ತೀರಿಕೊಂಡರು. ಸಬ್ಜೆಕ್ಟುಗಳು ಬ್ಯಾಕ್ ಉಳಿದವು. ಆ ಹಾಡುಗಳು ಇಲ್ಲದಿದ್ದರೆ ನಾನು ಏನಾಗ್ತಿದ್ನೋ ಗೊತ್ತಿಲ್ಲ. 2017ರಲ್ಲಿ ಚೆಸ್ಟರ್ ಹೋದಾಗ ಮನೆಯವರನ್ನು ಕಳೆದುಕೊಂಡ ಹಾಗೆ ಅತ್ತಿದ್ದೇನೆ. ಏಳು ವರ್ಷ ಕಾದ ಮೇಲೆ 'ಫ್ರಮ್ ಜೀರೋ' ಆಲ್ಬಂ ಬಂತು. ಆದರೆ ಹಾಡೋದು ಬೇರೆ ಯಾರೋ, ಅದೂ ಹೆಣ್ಣು ದನಿ. ಮೊದಲ ಹಾಡು 'ದಿ ಎಂಪ್ಟಿನೆಸ್ ಮಷೀನ್' ಅರ್ಧ ಕೇಳಿ ಆಫ್ ಮಾಡಿದೆ. ಆಕೆ ಸ್ಟೇಜ್ ಮೇಲೆ ಚೆಸ್ಟರ್ ಹಾಡುಗಳನ್ನು ಹಾಡುವ ವಿಡಿಯೊ ನೋಡಿದ ಮೇಲಂತೂ ಸಂಕಟ ಜಾಸ್ತಿಯಾಯ್ತು. ಚಿಕ್ಕಪ್ಪನ ಮಗ ಡಿಗ್ರಿ ಓದ್ತಾನೆ, ದಿನಾ ಅದನ್ನೇ ಹಾಕ್ತಾನೆ. 'ಅಣ್ಣ, ನೀನು ಪೂರ್ತಿ ಕೇಳದೇ ಬೈತೀಯ' ಅಂತಾನೆ. ಬೇರೆ ಹೆಸರು ಇಟ್ಕೊಂಡು ಹಾಡಬಹುದಿತ್ತಲ್ವಾ? ಇದನ್ನು ಇಷ್ಟಪಟ್ಟರೆ ಚೆಸ್ಟರ್‌ಗೆ ದ್ರೋಹ ಮಾಡಿದ ಹಾಗಲ್ವಾ? ಚೆಸ್ಟರ್ ಹಾಡಿದ್ದು ಇನ್ನೇನಾದ್ರೂ ಉಳಿದಿದ್ಯಾ?"

ಸಂಪಾದಕರ ಉತ್ತರ:

ಪ್ರಿಯ ಮಿತ್ರರೇ,

ದ್ರೋಹ ಅಲ್ಲ. ಖಂಡಿತ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ಉಳಿದ ಸಿಟ್ಟೆಲ್ಲ ಈ ಒಂದು ಅಳುಕಿನಿಂದಲೇ ಹುಟ್ಟಿದೆ ಅಂತ ನನಗನ್ನಿಸಿತು. ಹೊಸ ಹಾಡು ಎಲ್ಲಿ ಇಷ್ಟವಾಗಿಬಿಡುತ್ತೋ ಅಂತಲೇ ನೀವು ಅರ್ಧಕ್ಕೆ ಆಫ್ ಮಾಡಿದ್ದೀರಿ.

ಚೆಸ್ಟರ್ ಬೆನ್ನಿಂಗ್ಟನ್ ಕೂಡ ಈ ಬ್ಯಾಂಡಿನ ಮೊದಲ ಹಾಡುಗಾರ ಅಲ್ಲ. ತೊಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಕ್ ಶಿನೋಡಾ ಮತ್ತು ಗೆಳೆಯರು ಕಟ್ಟಿದ ಈ ತಂಡಕ್ಕೆ ಆಗ ಇದ್ದ ಹೆಸರು 'ಜೀರೋ'. ಹಾಡುತ್ತಿದ್ದವರು ಮಾರ್ಕ್ ವೇಕ್‌ಫೀಲ್ಡ್. ಅವರು ಬಿಟ್ಟು ಹೋದ ಮೇಲೆ ತಂಡ ಹೊಸ ದನಿ ಹುಡುಕುತ್ತಿತ್ತು. 1999ರಲ್ಲಿ ಅರಿಜೋನಾದಲ್ಲಿದ್ದ ಚೆಸ್ಟರ್ ಕೈಗೆ ಅವರ ಟೇಪ್ ಸಿಕ್ಕಿತು. ತಮ್ಮ ಹುಟ್ಟುಹಬ್ಬದ ಪಾರ್ಟಿ ಬಿಟ್ಟು ಸ್ಟುಡಿಯೋಗೆ ಹೋಗಿ, ಆ ಟೇಪಿನ ಮೇಲೆ ತಮ್ಮ ದನಿ ಸೇರಿಸಿ ಅವರಿಗೆ ಕೇಳಿಸಿದರು. ನೀವು ಹಾಸ್ಟೆಲ್‌ನಲ್ಲಿ ಹುಚ್ಚು ಹಿಡಿಸಿಕೊಂಡ ಆ ದನಿ ಬಂದಿದ್ದು ಹಾಗೆ. ಬೇರೊಬ್ಬರು ಖಾಲಿ ಮಾಡಿದ ಜಾಗಕ್ಕೆ.

ಅಷ್ಟೇ ಅಲ್ಲ. 2013ರಲ್ಲಿ ಚೆಸ್ಟರ್ 'ಸ್ಟೋನ್ ಟೆಂಪಲ್ ಪೈಲಟ್ಸ್' ಅನ್ನುವ ಇನ್ನೊಂದು ಬ್ಯಾಂಡಿಗೂ ಹಾಡಲು ಹೋದರು. ಅಲ್ಲಿ ಸ್ಕಾಟ್ ವೈಲ್ಯಾಂಡ್ ಅನ್ನುವ ದೊಡ್ಡ ಹಾಡುಗಾರ ಇದ್ದರು. ಅವರನ್ನು ಪ್ರೀತಿಸುತ್ತಿದ್ದ ಅಭಿಮಾನಿಗಳ ಮುಂದೆ ನಿಂತು, ಅವರದ್ದೇ ಹಳೆ ಹಾಡುಗಳನ್ನು ಚೆಸ್ಟರ್ ಹಾಡಿದರು. ಸುಮಾರು ಎರಡೂವರೆ ವರ್ಷ ಆ ಕೆಲಸ ಮಾಡಿದರು. ಈಗ ಲಿಂಕಿನ್ ಪಾರ್ಕ್‌ನ ಹೊಸ ಹಾಡುಗಾರ್ತಿ ಎಮಿಲಿ ಆರ್ಮ್‌ಸ್ಟ್ರಾಂಗ್ ನಿಂತಿರುವಂಥ ಜಾಗದಲ್ಲೇ ಅಂದು ಚೆಸ್ಟರ್ ನಿಂತಿದ್ದರು ಅಂತಾಯ್ತು. ಎಮಿಲಿ ಹಾಡನ್ನು ಕೇಳಿದರೆ ಚೆಸ್ಟರ್‌ಗೆ ನೋವಾಗುತ್ತೆ ಅನ್ನೋದನ್ನು ನಾನು ನಂಬಲಾರೆ.

ನಾವು ದಾವಣಗೆರೆಯವರಿಗೆ ಇದು ಹೊಸದೂ ಅಲ್ಲ. ನಮ್ಮೂರಿನ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನೇ ತಗೊಳ್ಳಿ. ಚಿಂದೋಡಿ ವೀರಪ್ಪನವರು ಕಟ್ಟಿದ ಕಂಪನಿ ಅದು. ಅವರ ನಂತರ ಮಕ್ಕಳು ನಡೆಸಿದರು. ಮಗಳು ಚಿಂದೋಡಿ ಲೀಲಾ ಅವರ ಹೆಸರು ನಾಡಿಗೆಲ್ಲ ಗೊತ್ತಾಯ್ತು. ಕಂಪನಿ ನಾಟಕದಲ್ಲಿ ಒಬ್ಬ ನಟ ಹೋದರೆ ಆ ಪಾತ್ರಕ್ಕೆ ಇನ್ನೊಬ್ಬರು ಬಣ್ಣ ಹಚ್ಚುತ್ತಿದ್ದರು, ಪರದೆ ಏಳುತ್ತಿತ್ತು. ಹಳೆ ಪ್ರೇಕ್ಷಕರು "ಅವರ ಹಾಗೆ ಬರಲಿಲ್ಲ ಬಿಡಿ" ಅಂತ ಗೊಣಗುತ್ತಲೇ ಟಿಕೆಟ್ ತಗೊಂಡು ಕೂರುತ್ತಿದ್ದರು. ಕಂಪನಿ ನಿಂತಿದ್ದು ಹಾಗೆ. ಹೆಣ್ಣು ದನಿ ಅಂತ ನೀವು ಬರೆದಿದ್ದೀರಲ್ಲ, ಅದಕ್ಕೂ ಉತ್ತರ ಅಲ್ಲೇ ಇದೆ. ಒಂದು ಕಾಲಕ್ಕೆ ನಾಟಕದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಹೆಂಗಸರು ರಂಗಕ್ಕೆ ಬಂದರು, ಲೀಲಾ ಅವರಂಥವರು ಕಂಪನಿಯನ್ನೇ ನಡೆಸಿದರು. ಈ ಊರಿನವರಾಗಿ ನಾವು "ಅದೂ ಹೆಣ್ಣು ದನಿ" ಅನ್ನಬಾರದು. ದನಿಯಲ್ಲಿ ಕಸುವಿದೆಯಾ, ಹಾಡಿಗೆ ಹೊಂದುತ್ತಾ ಅಂತ ಕೇಳಿ. ಅದು ನ್ಯಾಯವಾದ ಪ್ರಶ್ನೆ.

ಆದರೆ ಈ ನಾಟಕದ ಹೋಲಿಕೆ ಒಂದು ಕಡೆ ನಿಂತುಬಿಡುತ್ತದೆ, ಅಲ್ಲಿ ನಿಮ್ಮ ಸಂಕಟ ಪೂರ್ತಿ ನಿಜ. ನಾಟಕದ ಪಾತ್ರವನ್ನು ಕವಿ ಬರೆದಿರುತ್ತಾನೆ, ಯಾರು ಬೇಕಾದರೂ ಆಡಬಹುದು. ಚೆಸ್ಟರ್ ಹಾಡಿದ್ದು ತಮ್ಮದೇ ಗಾಯವನ್ನು. ಚಿಕ್ಕಂದಿನಲ್ಲಿ ತಮ್ಮ ಮೇಲೆ ನಡೆದ ದೌರ್ಜನ್ಯ, ಕುಡಿತ, ಮಾದಕ ವಸ್ತುವಿನ ಚಟ, ಎಲ್ಲದರ ಬಗ್ಗೆ ಅವರು ಮುಚ್ಚುಮರೆ ಇಲ್ಲದೆ ಮಾತಾಡಿದ್ದರು. ಅವರ ಕಿರುಚಾಟ ಬರೀ ಸ್ಟೈಲ್ ಆಗಿರಲಿಲ್ಲ. ಆ ಹಾಡುಗಳು ಇನ್ನೊಬ್ಬರ ಬಾಯಲ್ಲಿ ಬಂದಾಗ ನಿಮಗೆ ಕಸಿವಿಸಿಯಾದರೆ ಅದು ಸಹಜ. ನನಗೂ ಆಗುತ್ತದೆ.

ಬ್ಯಾಂಡಿನವರಿಗೂ ಇದು ಗೊತ್ತಿಲ್ಲದ್ದೇನಲ್ಲ. 2017ರ ಜುಲೈ 20ರಂದು ಚೆಸ್ಟರ್ ಹೋದರು. ಅಕ್ಟೋಬರ್ 27ರಂದು ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ ಅವರ ನೆನಪಿಗೆ ದೊಡ್ಡ ಕಾರ್ಯಕ್ರಮ ನಡೆಯಿತು. ಎಷ್ಟೋ ಗಾಯಕರು ಬಂದು ಒಂದೊಂದು ಹಾಡು ಹಾಡಿಕೊಟ್ಟರು. 'ನಂಬ್' ಬಂದಾಗ ಮಾತ್ರ ಯಾರೂ ಮುಂದೆ ಬರಲಿಲ್ಲ. ವೇದಿಕೆ ಮೇಲೆ ಹೂವು ಸುತ್ತಿದ ಒಂದು ಮೈಕ್ ಸ್ಟ್ಯಾಂಡ್ ಇಟ್ಟಿದ್ದರು, ಅದರ ಮೇಲೆ ಬೆಳಕು ಬಿಟ್ಟಿದ್ದರು. ಬ್ಯಾಂಡ್ ನುಡಿಸುತ್ತಾ ಹೋಯಿತು, ಜನ ಹಾಡಿದರು. ಆ ವಿಡಿಯೊ ಸಿಗುತ್ತದೆ, ನೋಡಿಲ್ಲದಿದ್ದರೆ ನೋಡಿ. ಆ ಜಾಗಕ್ಕೆ ಇನ್ನೊಬ್ಬರನ್ನು ಕರೆದು ತರಲು ಈ ಜನಕ್ಕೆ ಏಳು ವರ್ಷ ಹಿಡಿಯಿತು. ಸುಮ್ನೆ ದುಡ್ಡಿಗಾಗಿ ಅಂತಿದ್ದರೆ ಮಾರನೇ ವರ್ಷವೇ ಯಾರನ್ನಾದರೂ ನಿಲ್ಲಿಸಬಹುದಿತ್ತು.

ಹಾಗಾಗಿ ನಾನು ಹೇಳೋದು ಇಷ್ಟು. ಎರಡು ಬೇರೆ ಬೇರೆ ವಿಷಯಗಳನ್ನು ನೀವು ಒಂದೇ ಗಂಟು ಕಟ್ಟಿದ್ದೀರಿ. ಎಮಿಲಿ ಚೆಸ್ಟರ್ ಹಾಡುಗಳನ್ನು ಹಾಡುವುದು ಒಂದು. ಎಮಿಲಿ ತಮ್ಮ ಹಾಡುಗಳನ್ನು ಹಾಡುವುದು ಇನ್ನೊಂದು. ಮೊದಲನೆಯದು ನಿಮಗೆ ಆಗದಿದ್ದರೆ ಬಿಟ್ಟುಬಿಡಿ, ಆ ವಿಡಿಯೊಗಳನ್ನು ನೋಡಲೇಬೇಡಿ, ಯಾರೂ ನಿಮ್ಮನ್ನು ಬಲವಂತ ಮಾಡುವ ಹಾಗಿಲ್ಲ. ಆದರೆ 'ಫ್ರಮ್ ಜೀರೋ' ಎರಡನೆಯ ಸಾಲಿನದು. ಅದರಲ್ಲಿ ಚೆಸ್ಟರ್‌ದು ಅಂತ ಒಂದು ಹಾಡೂ ಇಲ್ಲ, ಕಿತ್ತುಕೊಂಡಿದ್ದೂ ಏನಿಲ್ಲ. ನಿಮ್ಮ ತಮ್ಮ ಹೇಳಿದ್ದು ಸರಿ. ಪೂರ್ತಿ ಕೇಳಿ.

2024ರ ನವೆಂಬರ್ 15ರಂದು ಬಂದ ಈ ಆಲ್ಬಂ ಒಟ್ಟು ಮೂವತ್ತೆರಡು ನಿಮಿಷದ ಆಸುಪಾಸು. ವಿದ್ಯಾನಗರದಿಂದ ಹಳೇ ಬಸ್ ಸ್ಟ್ಯಾಂಡ್ ಕಡೆ ಸಂಜೆ ಟ್ರಾಫಿಕ್‌ನಲ್ಲಿ ಹೋಗಿ ಬರುವಷ್ಟರಲ್ಲಿ ಮುಗಿಯುತ್ತದೆ. ನೀವು ಆಫ್ ಮಾಡಿದ ಆ ಹಾಡನ್ನೇ ನೋಡಿ. ಮೊದಲ ಚರಣ ಮೈಕ್ ಶಿನೋಡಾ ಒಬ್ಬರೇ ಹಾಡುತ್ತಾರೆ. ಪಲ್ಲವಿಯನ್ನೂ ಅವರೇ ಹಾಡುತ್ತಾರೆ. ಗಿಟಾರ್ ಜೋರಾಗಿದೆ, ಡ್ರಮ್ಸ್ ಇದೆ, ಹಳೇ ಲಿಂಕಿನ್ ಪಾರ್ಕೇ ಅನ್ನಿಸುತ್ತದೆ, ಆದರೂ ಏನೋ ಒಂದು ಜಾಗ ಖಾಲಿ. ಆಮೇಲೆ ಎರಡನೇ ಚರಣಕ್ಕೆ ಎಮಿಲಿ ದನಿ ಬರುತ್ತದೆ. ತುಸು ಒರಟು, ಗಂಟಲಿನ ತುದಿಯಲ್ಲಿ ಮರಳು ಸಿಕ್ಕಿದ ಹಾಗೆ. ಆಕೆ ಅದೇ ಪಲ್ಲವಿಗೆ ಬಂದಾಗ ಹಾಡು ಒಮ್ಮೆಲೇ ಎದ್ದು ನಿಲ್ಲುತ್ತದೆ. ಅಷ್ಟು ಹೊತ್ತು ಮೈಕ್ ಒಬ್ಬರೇ ಹಾಡಿದ್ದು ಬೇಕಂತಲೇ ಮಾಡಿದ್ದು ಅಂತ ನನಗನ್ನಿಸುತ್ತದೆ. ಆ ಖಾಲಿತನ ನಮ್ಮ ಕಿವಿಗೂ ತಾಗಲಿ ಅಂತ. ಅರ್ಧಕ್ಕೆ ನಿಲ್ಲಿಸಿದ ನೀವು ಆಕೆಯ ಕೆಲವೇ ಸಾಲು ಕೇಳಿದ್ದೀರಿ. ಆ ಪಲ್ಲವಿ ತಿರುಗಿ ಬರುವುದರೊಳಗೇ ಎದ್ದು ಹೋದಿರಿ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳೋದಿಲ್ಲ. 'ಟೂ ಫೇಸ್ಡ್' ಕೇಳಿದರೆ 2000ದ 'ಹೈಬ್ರಿಡ್ ಥಿಯರಿ' ಆಲ್ಬಂ ಕಾಲದ ಅಚ್ಚಿನಲ್ಲೇ ಎರಕ ಹೊಯ್ದ ಹಾಗಿದೆ. 'ಹೆವಿ ಈಸ್ ದಿ ಕ್ರೌನ್'ನಲ್ಲಿ ಎಮಿಲಿ ಒಂದು ಉದ್ದದ ಕಿರುಚು ಹಾಕುತ್ತಾರೆ, ಉಸಿರು ಬಿಡದೆ. 2007ರಲ್ಲಿ 'ಗಿವನ್ ಅಪ್' ಹಾಡಿನಲ್ಲಿ ಚೆಸ್ಟರ್ ಹದಿನೇಳು ಸೆಕೆಂಡ್ ಹಾಕಿದ ಕಿರುಚು ನಿಮಗೆ ತಕ್ಷಣ ನೆನಪಾಗುತ್ತದೆ. ಆಕೆಗೆ ಆ ತಾಕತ್ತಿದೆ, ಒಪ್ಪೋಣ. ಆದರೆ ಹಳೆ ಅಭಿಮಾನಿಗಳನ್ನು ಒಲಿಸಿಕೊಳ್ಳುವ ಆತುರ ಆ ಹಾಡುಗಳಲ್ಲಿ ಕಾಣುತ್ತದೆ. ನನಗೆ ಹಿಡಿಸಿದ್ದು 'ಓವರ್ ಈಚ್ ಅದರ್', ಪೂರ್ತಿ ಎಮಿಲಿ ದನಿಯಲ್ಲೇ ಇರುವ ಹಾಡು. ಕಿರುಚಾಟ ಇಲ್ಲ, ಜಗಳವಾದ ಮೇಲೆ ಇಬ್ಬರೂ ಮಾತು ಮುಗಿಸಲಾಗದೆ ಉಳಿಯುವ ಸುಸ್ತು ಇದೆ. 'ಓವರ್‌ಫ್ಲೋ' ನಿಧಾನವಾಗಿ ತುಂಬಿಕೊಳ್ಳುವ ಹಾಡು, ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಿ. ಚೆಸ್ಟರ್ ಹಾಗೆ ಹಾಡಲು ಹೋಗದಿದ್ದಾಗಲೇ ಎಮಿಲಿ ಚೆನ್ನಾಗಿ ಹಾಡುತ್ತಾರೆ. ನೀವು ಅಲ್ಲಿಂದ ಶುರು ಮಾಡಿ. ಆಮೇಲೂ ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತ ಧೈರ್ಯವಾಗಿ ಹೇಳಿ. ಆಗ ನಿಮ್ಮ ತಮ್ಮನ ಹತ್ತಿರ ವಾದ ಮಾಡುವುದಕ್ಕೂ ಒಂದು ತೂಕ ಇರುತ್ತದೆ.

ಇನ್ನೊಂದು ಮಾತು. 2017ರ ಮೇ ತಿಂಗಳಲ್ಲಿ, ಚೆಸ್ಟರ್ ಇರುವಾಗಲೇ, 'ಒನ್ ಮೋರ್ ಲೈಟ್' ಬಂತು. ಆಗ ಹಳೆ ಅಭಿಮಾನಿಗಳು ಎಷ್ಟು ಬೈದರು ನೆನಪಿದೆಯಾ? ಗಿಟಾರ್ ಇಲ್ಲ, ಬರೀ ಪಾಪ್, ಇವರು ಮಾರಿಕೊಂಡರು ಅಂತೆಲ್ಲ. ಎರಡು ತಿಂಗಳಿಗೆ ಚೆಸ್ಟರ್ ಇರಲಿಲ್ಲ. ಬೈದಿದ್ದಕ್ಕೂ ಸಾವಿಗೂ ನಂಟು ಕಟ್ಟಬಾರದು, ನಾನು ಕಟ್ಟುತ್ತಿಲ್ಲ. ಆದರೆ ಆಮೇಲೆ ಅದೇ ಆಲ್ಬಂ ಹಾಕಿಕೊಂಡು ಅದೇ ಜನ ಅತ್ತರು. ಹಾಡು ಒಂದಕ್ಷರ ಬದಲಾಗಿರಲಿಲ್ಲ. ಮೊದಲ ವಾರ ಹೊಸ ಆಲ್ಬಂ ಮೇಲೆ ನಾವು ಕೊಡುವ ತೀರ್ಪು ಎಷ್ಟೋ ಸಲ ಹಾಡಿನ ಮೇಲಿನದಾಗಿರಲ್ಲ. ಅಷ್ಟು ವರ್ಷ ಕಾಯುವಾಗ ನಮ್ಮ ತಲೆಯೊಳಗೇ ಒಂದು ಆಲ್ಬಂ ಮಾಡಿಟ್ಟುಕೊಂಡಿರುತ್ತೇವೆ. ಬಂದಿದ್ದು ಅದಲ್ಲ ಅಂತ ಕೋಪ.

ಹೆಸರಿನ ವಿಷಯ. ಬೇರೆ ಹೆಸರು ಇಡಬಹುದಿತ್ತು, ಹಾಗೆ ಮಾಡಿದವರೂ ಇದ್ದಾರೆ. 1980ರಲ್ಲಿ ಹಾಡುಗಾರ ಇಯಾನ್ ಕರ್ಟಿಸ್ ತೀರಿಕೊಂಡ ಮೇಲೆ ಇಂಗ್ಲೆಂಡಿನ 'ಜಾಯ್ ಡಿವಿಷನ್' ತಂಡದವರು 'ನ್ಯೂ ಆರ್ಡರ್' ಆದರು. ಅದೇ ವರ್ಷ ಫೆಬ್ರವರಿಯಲ್ಲಿ ತಮ್ಮ ಹಾಡುಗಾರ ಬಾನ್ ಸ್ಕಾಟ್ ಅವರನ್ನು ಕಳೆದುಕೊಂಡ 'ಎಸಿ/ಡಿಸಿ' ತಂಡ ಹೆಸರು ಬದಲಿಸಲಿಲ್ಲ. ಬ್ರಿಯನ್ ಜಾನ್ಸನ್ ಅವರನ್ನು ಕರೆತಂದು ಜುಲೈನಲ್ಲೇ 'ಬ್ಯಾಕ್ ಇನ್ ಬ್ಲ್ಯಾಕ್' ತಂದರು, ಮುಖಪುಟಕ್ಕೆ ಸೂತಕದ ಕಪ್ಪು ಬಣ್ಣ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಅದೂ ಒಂದು. ಲಿಂಕಿನ್ ಪಾರ್ಕ್‌ನಲ್ಲಿ ಶಿನೋಡಾ, ಬ್ರಾಡ್ ಡೆಲ್ಸನ್, ಜೋ ಹಾನ್, ಡೇವ್ ಫ್ಯಾರೆಲ್ ಇನ್ನೂ ಇದ್ದಾರೆ. ಡ್ರಮ್ಸ್‌ನ ರಾಬ್ ಬೋರ್ಡನ್ ಮಾತ್ರ ಬಿಟ್ಟಿದ್ದಾರೆ. ಆ ಹೆಸರು ಈ ನಾಲ್ವರ ದುಡಿಮೆಯೂ ಹೌದು. ಇಟ್ಟುಕೊಳ್ಳುವ ಹಕ್ಕು ಅವರಿಗಿದೆ ಅಂತ ನನ್ನ ಅಭಿಪ್ರಾಯ.

ನಿಮ್ಮ ಪತ್ರದಲ್ಲಿ "ನಾನು ಏನಾಗ್ತಿದ್ನೋ" ಅನ್ನುವ ಸಾಲಿನ ಹತ್ತಿರ ನಾನು ತುಂಬಾ ಹೊತ್ತು ನಿಂತೆ. ಅಪ್ಪನನ್ನು ಕಳೆದುಕೊಂಡ ಹುಡುಗ ಹಾಸ್ಟೆಲ್ ರೂಮಿನಲ್ಲಿ ಒಬ್ಬನೇ ಆ ಹಾಡುಗಳನ್ನು ಹಿಡಿದುಕೊಂಡು ದಾಟಿ ಬಂದಿದ್ದಾನೆ. ಅದು ಚೆಸ್ಟರ್ ನಿಮಗೆ ಕೊಟ್ಟಿದ್ದು. ಯಾವ ಹೊಸ ಆಲ್ಬಂ ಬಂದರೂ ಅದನ್ನು ವಾಪಸ್ ತಗೊಳ್ಳೋಕೆ ಆಗಲ್ಲ. ಈಗಲೂ ಯಾವತ್ತಾದರೂ ಮನಸ್ಸು ಹಾಗೆ ಕುಸಿದರೆ ಹಾಡು ಕೇಳಿ, ಜೊತೆಗೆ ಯಾರ ಹತ್ತಿರವಾದರೂ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳಲ್ಲ. ಈ ನಂಬರನ್ನು ನಿಮಗಷ್ಟೇ ಅಂತ ಬರೆಯುತ್ತಿಲ್ಲ. ಇದನ್ನು ಓದುವ ಹಾಸ್ಟೆಲ್ ಹುಡುಗ ಹುಡುಗಿಯರಿಗೂ ಇರಲಿ.

ಚೆಸ್ಟರ್ ಹಾಡಿದ್ದು ಇನ್ನೇನಾದರೂ ಉಳಿದಿದೆಯಾ ಅಂತ ಕೇಳಿದಿರಿ. ಇದೆ. ನೀವು ಹಾಸ್ಟೆಲ್‌ನಲ್ಲಿದ್ದಾಗ ಬಂತಲ್ಲ 'ಮೀಟಿಯೋರಾ', ಅದಕ್ಕಾಗಿ ಹಾಡಿ ಹೊರಗೇ ಉಳಿದಿದ್ದ 'ಲಾಸ್ಟ್' ಅನ್ನುವ ಹಾಡನ್ನು ಆಲ್ಬಮ್ಮಿನ ಇಪ್ಪತ್ತನೇ ವರ್ಷಕ್ಕೆ, 2023ರ ಫೆಬ್ರವರಿಯಲ್ಲಿ ಬಿಟ್ಟರು. ಚೆಸ್ಟರ್ ದನಿ ಅದರಲ್ಲಿ ಅಂದಿನ ಹಾಗೇ ಇದೆ, ಎಳೆಯದಾಗಿ. 'ಒನ್ ಮೋರ್ ಲೈಟ್' ಸಮಯದಲ್ಲಿ ಹಾಡಿದ್ದ 'ಫ್ರೆಂಡ್ಲಿ ಫೈರ್' 2024ರ ಫೆಬ್ರವರಿಯಲ್ಲಿ ಬಂತು. ಎರಡೂ ನಿಮ್ಮ ಫೋನಿನಲ್ಲೇ ಸಿಗುತ್ತವೆ. ಎರಡನ್ನೂ ಹುಡುಕಿ ತೆಗೆದು ಬಿಟ್ಟವರು ಬ್ಯಾಂಡಿನವರೇ. ನಿಮ್ಮ ತಮ್ಮನಿಗೂ ಕೇಳಿಸಿ. ಅವನು ಎಮಿಲಿ ಕೇಳಿ ಬಂದ ಹುಡುಗ, ಇವು ಅವನಿಗೆ ಸಿಕ್ಕಿರಲಿಕ್ಕಿಲ್ಲ.

— ಸಂಪಾದಕ