ಬೆಕ್ಕಿರುವ ಮನೆಯಲ್ಲಿ ಚಿಂಚಿಲಾ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಮಗಳ ಆಸೆಗೆ ಈಚೆಗೆ ಒಂದು ಚಿಂಚಿಲಾ (ದಟ್ಟ ತುಪ್ಪಳದ, ಇಲಿ, ಅಳಿಲುಗಳ ಬಳಗದ ಪುಟ್ಟ ಪ್ರಾಣಿ) ತಂದು, ಪಂಜರವನ್ನು ಹಜಾರದಲ್ಲಿ ಇಟ್ಟಿದ್ದೇವೆ. ಬೆಕ್ಕುಗಳು ಏನೂ ಮಾಡುವುದಿಲ್ಲ, ಎದುರಿಗೆ ಕುಳಿತು ಬಹಳ ಹೊತ್ತು ನೋಡುತ್ತಿರುತ್ತವೆ, ಅಷ್ಟೆ. ಚಿಂಚಿಲಾ ಮಾತ್ರ ಮೂಲೆಯಲ್ಲಿ ಅಲುಗಾಡದೆ ಕೂರುತ್ತದೆ. ಇವು ಕ್ರಮೇಣ ಹೊಂದಿಕೊಳ್ಳುತ್ತವೆಯೇ? ಸಂಜೆ ಅದನ್ನು ಹೊರಗೆ ಬಿಡಬಹುದೇ?

ಉತ್ತರ: ಬೆಕ್ಕುಗಳು ಏನೂ ಮಾಡುವುದಿಲ್ಲ ಎಂದು ಬರೆದಿದ್ದೀರಿ. ಆದರೆ ಎವೆಯಿಕ್ಕದೆ ನೋಡುತ್ತ ಕೂರುವುದೇ ಬೆಕ್ಕಿನ ಬೇಟೆಯ ಮೊದಲ ಹಂತ. ಮೂಲೆಯಲ್ಲಿ ಮುದುಡಿ ಕೂರುವುದು ಚಿಂಚಿಲಾದ ಭಯದ ಲಕ್ಷಣವೇ ಹೊರತು ಸಮಾಧಾನದ್ದಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಬಂಡೆಸಂದುಗಳಲ್ಲಿ ನರಿ, ಗೂಬೆಗಳ ಕಣ್ಣು ತಪ್ಪಿಸಿ ಬಾಳಿದ ಪ್ರಾಣಿಯಿದು. ಶತ್ರು ಎದುರಿಗೇ ಇದ್ದು, ಓಡಲು ದಾರಿ ಇಲ್ಲದ ಸ್ಥಿತಿ ದಿನವೂ ಮುಂದುವರಿದರೆ ಅದು ಮೇವು ಬಿಡುತ್ತದೆ. ಮೇವು ನಿಂತರೆ ಕರುಳಿನ ಚಲನೆಯೂ ನಿಲ್ಲುತ್ತದೆ, ಪ್ರಾಣಾಪಾಯ ಬರುವುದು ಅಲ್ಲಿಂದ. ಆದ್ದರಿಂದ ದಿನವೂ ಹಿಕ್ಕೆಯನ್ನು ಗಮನಿಸಿ. ಅದು ಸಣ್ಣದಾದರೆ ಅಥವಾ ಕಡಿಮೆಯಾದರೆ ಕಾಯದೆ ಪಶುವೈದ್ಯರನ್ನು ಕಾಣಬೇಕು.

ಹೆದರಿದಾಗ ಅಥವಾ ಯಾರಾದರೂ ಹಿಡಿದಾಗ ಆ ಜಾಗದ ಕೂದಲನ್ನು ಕುಚ್ಚಾಗಿ ಉದುರಿಸಿ ನುಣುಚಿಕೊಳ್ಳುವುದು ಚಿಂಚಿಲಾದ ಹುಟ್ಟುಗುಣ. ಪಂಜರದ ಸರಳುಗಳ ಬಳಿ ಮೃದುವಾದ ಕೂದಲಿನ ಕುಚ್ಚು ಬಿದ್ದಿದ್ದು, ಮೈಮೇಲೆ ಅಷ್ಟೇ ಅಗಲದ ಬೋಳು ಜಾಗ ಕಂಡರೆ, ಬೆಕ್ಕಿನ ಪಂಜ ಒಳಗೆ ಹೋಗಿರಬಹುದೆಂದು ಶಂಕಿಸಲೇಬೇಕು.

ಇವೆರಡರ ನಡುವೆ ಸ್ನೇಹ ಬೆಳೆಸುವ ಪ್ರಯತ್ನವೇ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಬಾಗಿಲಿಗೆ ಭದ್ರವಾದ ಚಿಲಕವಿರುವ ಪ್ರತ್ಯೇಕ ಕೋಣೆಗೆ ಪಂಜರವನ್ನು ಸಾಗಿಸಿ, ಒಳಗೆ ಮೈ ಮರೆಸಿಕೊಳ್ಳಲು ಒಂದು ಮರದ ಗೂಡು ಇಡಿ. ಆದರೆ ಬೆಕ್ಕಿಗೆ ಹೆದರಿ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದಾಗ ಕೋಣೆ ಬಿಸಿಯಾಗುತ್ತದೆ. ಒಂದೇ ರಂಧ್ರದಿಂದ ಹತ್ತಾರು ಕೂದಲು ಹುಟ್ಟುವಷ್ಟು ದಟ್ಟವಾದ ತುಪ್ಪಳವನ್ನು ಹೊತ್ತ, ಬೆವರಲು ಬಾರದ ಈ ಪ್ರಾಣಿಗೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ಅಪಾಯಕಾರಿ. ಬಿಸಿಲು ಬೀಳದ, ಗಾಳಿಯಾಡುವ ಕೋಣೆಯನ್ನೇ ಆರಿಸಿ, ಕಿಟಕಿಗೆ ಗಟ್ಟಿ ಜಾಲರಿ ಹಾಕಿಸಿ, ಗೋಡೆಗೊಂದು ಉಷ್ಣಮಾಪಕ ತೂಗುಹಾಕಿ. ಕೋಣೆಯನ್ನು ತಂಪಾಗಿಡಲು ಸಾಧ್ಯವೇ ಇಲ್ಲದಿದ್ದರೆ, ಬೆಕ್ಕುಗಳಿಲ್ಲದ ತಂಪಾದ ಮನೆಯೊಂದಕ್ಕೆ ಅದನ್ನು ಒಪ್ಪಿಸುವುದೇ ಅದರ ಮೇಲಿನ ನಿಜವಾದ ಅಕ್ಕರೆ. ಮಗಳಿಗೆ ಇದನ್ನು ತಿಳಿಹೇಳುವುದು ಕಷ್ಟವಾದರೂ ಹೇಳಬೇಕು.

ಹೊರಗೆ ಬಿಡುವ ವಿಚಾರಕ್ಕೆ ಬಂದರೆ, ಮುಸ್ಸಂಜೆಯಲ್ಲಿ ಚಿಂಚಿಲಾ ಚುರುಕಾಗುವ ಹೊತ್ತೇ ಬೆಕ್ಕೂ ಬೇಟೆಗೆ ಸಿದ್ಧವಾಗುವ ಹೊತ್ತು. ಬೆಕ್ಕುಗಳಿಗೆ ಆಟವಾಡಿಸಿ, ಊಟ ಕೊಟ್ಟು, ಬೇರೆ ಕೋಣೆಯಲ್ಲಿ ಕೂಡಿ ಹಾಕಿದ ಮೇಲಷ್ಟೇ ಅದನ್ನು ಅದರದೇ ಕೋಣೆಯೊಳಗೆ, ನಿಮ್ಮ ಕಣ್ಣೆದುರಿನಲ್ಲಿ ಬಿಡಬಹುದು. ಮೈ ಶುಚಿಗೆ ಅದು ಹೊರಳಾಡುವ ನುಣುಪಾದ ಧೂಳಿನ ಪಾತ್ರೆಯನ್ನು ಹತ್ತು ಹದಿನೈದು ನಿಮಿಷಗಳಾದ ಬಳಿಕ ಮುಚ್ಚಿ ಎತ್ತಿಡಿ, ಇಲ್ಲವಾದರೆ ಬೆಕ್ಕು ಅದನ್ನು ಮಲವಿಸರ್ಜನೆಗೆ ಬಳಸೀತು. ಹುಳುಕಡ್ಡಿಯಂತಹ ಚರ್ಮರೋಗ ಎರಡಕ್ಕೂ, ಮನುಷ್ಯರಿಗೂ ಹರಡುವುದರಿಂದ, ಒಂದನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ.

ಬೆಕ್ಕು ಎಂದಾದರೂ ಚಿಂಚಿಲಾವನ್ನು ಕಚ್ಚಿದರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ, ಬೆಕ್ಕಿನ ಬಾಯಿಯ ರೋಗಾಣುಗಳು ಆಳಕ್ಕೆ ಇಳಿದಿರುತ್ತವೆ. ಅದೇ ದಿನ ಚಿಕಿತ್ಸೆ ಕೊಡಿಸಿ. ಬೆಕ್ಕಿಗೆಂದು ತಂದಿಟ್ಟ ಔಷಧಿಯನ್ನು ನೀವಾಗಿಯೇ ಕೊಡಬೇಡಿ. ಪೆನಿಸಿಲಿನ್ ವರ್ಗದ ಔಷಧಿಗಳು ಬಾಯಿಯ ಮೂಲಕ ಹೊಟ್ಟೆ ಸೇರಿದರೆ ಚಿಂಚಿಲಾದ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ನಾಶವಾಗಿ ಅದು ಸಾಯುವ ಸಂಭವವಿದೆ.