ಟೋಕಿಯೋ ಬಿಟ್ಟು ಮತ್ಸುಯಾಮಾಗೆ ಹೋದ್ರೆ ಜಪಾನೀಸ್ ಬರತ್ತಾ?

ಪ್ರಶ್ನೆ: ಮೇಡಂ, ಎರಡು ವರ್ಷದಿಂದ ಆನ್‌ಲೈನಲ್ಲಿ ಜಪಾನೀಸ್ ಕಲೀತಿದೀನಿ, ಎನ್4 (ಜಪಾನೀಸ್ ಪರೀಕ್ಷೆಯ ಕೆಳಗಿಂದ ಎರಡನೇ ಹಂತ) ಪಾಸಾಗಿದೆ, ಆದ್ರೆ ಮಾತಾಡಿದ್ದು ಟೀಚರ್ ಹತ್ರ ಮಾತ್ರ. ಹತ್ತು ದಿನ ರಜ ಇದೆ, ಶಿಕೊಕು ದ್ವೀಪದ ಮತ್ಸುಯಾಮಾದಲ್ಲಿ ಇದ್ಬಿಡೋಣ ಅಂತ. ಅಲ್ಲಿ ಹಳ್ಳಿಭಾಷೆ, ಕಲಿತಿದ್ದೂ ಕೆಟ್ಟೋಗತ್ತೆ ಅಂತಾರೆ ಟೀಚರ್. ಏನ್ಮಾಡ್ಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹೋಗಿ, ಯೋಚ್ನೆ ಮಾಡ್ಬೇಡಿ. ಪುಸ್ತಕದ ಜಪಾನೀಸಲ್ಲಿ ಸಕುರಾ (ಚೆರ್ರಿ) ಹೂವು 'ಚಿತ್ತೆ ಇರು' ಅಂದ್ರೆ ಉದುರ್ತಾ ಇದೆ ಅಂತಾನೂ ಆಗತ್ತೆ, ಉದುರಿದೆ ಅಂತಾನೂ ಆಗತ್ತೆ, ಸಂದರ್ಭ ನೋಡ್ಕೊಂಡು ತಿಳ್ಕೋಬೇಕು. ಆ ಕಡೆ ಹಳಬರು 'ಚಿರಿಯೊರು' ಅಂದ್ರೆ ಉದುರ್ತಾ ಇದೆ, 'ಚಿತ್ತೊರು' ಅಂದ್ರೆ ಉದುರಿದೆ, ಥೇಟ್ ನಮ್ಮ ಕನ್ನಡದ ಥರ ಬೇರೆ ಬೇರೆ! 'ತಬೆತೆ ಮಿರು' ಅಂದ್ರೆ 'ತಿಂದು ನೋಡು' ಅಂತ ಮೊದಲ ಸಲ ಗೊತ್ತಾದಾಗ ಎಷ್ಟು ಖುಷಿಯಾಗಿತ್ತೋ ಅಷ್ಟೇ ಖುಷಿ ಆಯ್ತು ನಂಗೆ. 'ಆದ್ದರಿಂದ' ಅನ್ನೋಕೆ 'ಕರ' ಬದ್ಲು 'ಕೆನ್' ಅಂತಾರೆ, ಎರಡು ದಿನಕ್ಕೆ ಕಿವಿಗೆ ಒಗ್ಗತ್ತೆ. ನೀವು ಪುಸ್ತಕದ್ದೇ ಮಾತಾಡಿ, ಅವರದ್ದು ಕೇಳಿಸ್ಕೊಳ್ಳಿ, ಏನೂ ಕೆಡಲ್ಲ.

ಮಾತಿಗೆ ಜನ ಬೇಕಂದ್ರೆ ಟ್ರಾಮ್ ಹತ್ತಿ (ಹಿಂದಿನ ಬಾಗಿಲಲ್ಲಿ ಹತ್ತಿ ಮುಂದೆ ಇಳಿಯೋವಾಗ ದುಡ್ಡು ಹಾಕ್ಬೇಕು, ನಾನು ಮುಂದಿಂದ ನುಗ್ಗಿ ಇಳಿಯೋರಿಗೆಲ್ಲ ಅಡ್ಡ ನಿಂತಿದ್ದೆ) ದೋಗೋ ಓನ್ಸೆನ್‌ಗೆ (ಬಿಸಿನೀರಿನ ಬುಗ್ಗೆ ಇರೋ ಜಾಗ) ಹೋಗಿ. 1894ರ ಮರದ ಸ್ನಾನದ ಮನೆ, ಒಳಗೆ ಮೈಮೇಲೆ ಒಂದೆಳೆ ಬಟ್ಟೆ ಇರಕೂಡದು. ಮುಜುಗರ ಆದ್ರೆ ಬಿಡಿ, ಅಲ್ಲಿನ ಟ್ರಾಮ್ ಸ್ಟೇಷನ್ ಎದುರಿಗೇ ಬಿಸಿನೀರಲ್ಲಿ ಬರೀ ಕಾಲು ಇಳಿಬಿಟ್ಟು ಕೂರೋ ಜಾಗ ಇದೆ, ಫ್ರೀ. ಅಲ್ಲಿ ಪಕ್ಕದಲ್ಲಿದ್ದ ಅಜ್ಜಿ ಎಲ್ಲಿಂದ ಬಂದೆ ಅಂತ ಶುರು ಮಾಡಿದವರು ಮೊಣಕಾಲು ನೋವು ದಾಟಿ ಸೊಸೆ ವಿಷಯಕ್ಕೆ ಬಂದ್ರು, ನಂಗೆ ಅರ್ಥ ಆಗಿದ್ದು ಅರ್ಧ, 'ಆ ಸೋ ದೆಸು ಕಾ' (ಓ ಹೌದಾ) ಅಂತ ತಲೆ ಆಡಿಸಿದ್ದೇ ಜಾಸ್ತಿ.

ನೀವು ಸಸ್ಯಾಹಾರಿ ಆದ್ರೆ ಮಾಂಸ ಬೇಡ ಅಂದ್ರೆ ಸಾಲಲ್ಲ, ಉದೋನ್ (ದಪ್ಪ ನೂಡಲ್ಸ್) ಸಾರಿಗೆ ಸಾಮಾನ್ಯವಾಗಿ ಒಣಮೀನಿನ ತಿಳಿ ಹಾಕಿರ್ತಾರೆ, 'ದಾಶಿ' ಅನ್ನೋ ಪದ ಕಲ್ತು ಹೋಗಿ, ಅದನ್ನೇ ಕೇಳಿ.

ಇನ್ನೊಂದು, ಹೈಕು ಕವಿ ಮಾಸಾಓಕಾ ಶಿಕಿ 1867ರಲ್ಲಿ ಹುಟ್ಟಿದ ಊರದು, ಊರಲ್ಲಿ ಅಲ್ಲಲ್ಲಿ ಹೈಕು ಬರೆದು ಹಾಕೋಕೆ ಡಬ್ಬಿ ಇಟ್ಟಿದಾರೆ. ಮೂರು ಸಾಲು, 5-7-5 ಅಕ್ಷರದ ಲೆಕ್ಕ. ನಾನೂ ಒಂದು ಹಾಕ್ದೆ. ರಾತ್ರಿ ರೂಮಿಗೆ ಬಂದು ಬೆರಳು ಮಡಿಚಿ ಎಣಿಸಿದ್ರೆ ನಡುವಿನ ಸಾಲಲ್ಲಿ ಎಂಟಿತ್ತು.