ದೋಣಿಯಲ್ಲಿ ಹೆಸರು ಹಿಡಿದು ಕರೆಯಬೇಡಿ: ಆಟದ ಸೀಮೆಗೆ ದೆವ್ವ ಕಟ್ಟುವ ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: ಬೆಂಗಳೂರಿನಲ್ಲಿ ಐದು ಜನ ಗೆಳೆಯರಿಗೆ ವಾರಕ್ಕೊಮ್ಮೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ. ನಾನು ಕಥೆ ಹೇಳುತ್ತಾ ಹೋಗುತ್ತೇನೆ, ಅವರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸಿ ಆಡುತ್ತಾರೆ. ಆಟಕ್ಕೆ ನಮ್ಮ ಮಲೆನಾಡಿನ ಥರದ್ದೇ ಒಂದು ಸೀಮೆ ಮಾಡಿಕೊಂಡಿದ್ದೇನೆ. ದೊಡ್ಡ ಹೊಳೆ, ನಾಲ್ಕು ತಿಂಗಳ ಮಳೆ, ಘಟ್ಟ ಹತ್ತಿ ಬರುವ ಉಪ್ಪಿನ ಗಾಡಿಗಳು. ಅದಕ್ಕೆ ಅಂತಲೇ 14 ಮಾನ್‌ಸ್ಟರ್ ಬರೆದೆ, ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳುತ್ತದೆ ಅನ್ನುವ ಅಂಕಿ) ಸಮೇತ. ಹೋದ ವಾರ ಎರಡು ತಲೆಯ ತೋಳ ಬಿಟ್ಟರೆ ಎರಡೇ ರೌಂಡಿನಲ್ಲಿ ಕೊಂದು "ಸರಿ, ಮುಂದೆ" ಅಂದರು. ಒಬ್ಬ ಫೋನ್ ನೋಡುತ್ತಿದ್ದ. ಎಲ್ಲಿ ಎಡವಿದೆ?

ಉತ್ತರ: ಫೋನ್ ನೋಡಿದವನ ಮೇಲೆ ಸಿಟ್ಟು ಬೇಡ. ತೋಳಕ್ಕೆ ಎರಡು ತಲೆ ಇದ್ದರೆ ಆ ಊರಿನವರ ದಿನಚರಿಯಲ್ಲಿ ಏನು ಬದಲಾಗಿದೆ? ಅದು ನಿಮ್ಮ 14 ಪುಟದಲ್ಲಿ ಎಲ್ಲೂ ಇಲ್ಲ ಅಂತ ನನ್ನ ಅನುಮಾನ. ನೀವು ಪ್ರಾಣಿಯನ್ನು ಬರೆದಿದ್ದೀರಿ, ಅದಕ್ಕೆ ಹೆದರಿದ ಊರನ್ನು ಬರೆದಿಲ್ಲ.

1990ರ ದಶಕದ "ನಾಳೆ ಬಾ" ನೆನಪಿದೆಯಾ? ನಿಮಗೆ ವಯಸ್ಸು ಸಾಲದಿದ್ದರೆ ಮನೆಯಲ್ಲಿ ಹಿರಿಯರನ್ನು ಕೇಳಿ. ರಾತ್ರಿ ಒಂದು ದೆವ್ವ ಬಂದು ನಿಮ್ಮವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಮುಗೀತು ಅಂತ ಸುದ್ದಿ ಹಬ್ಬಿತ್ತು. ಜನ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದರು. ದೆವ್ವ ಬರುತ್ತದೆ, ಓದುತ್ತದೆ, ವಾಪಸ್ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅದರ ಮುಖ ಹೇಗಿತ್ತು ಅಂತ ಯಾರನ್ನಾದರೂ ಕೇಳಿ ನೋಡಿ, ಸರಿಯಾಗಿ ಹೇಳುವವರು ಸಿಗುವುದಿಲ್ಲ. ಆದರೆ ಸೀಮೆಸುಣ್ಣದ ಬರಹ ಎಲ್ಲರಿಗೂ ನೆನಪಿದೆ. ಅದಕ್ಕೆ ಕನ್ನಡ ಓದಲು ಬರುತ್ತಿತ್ತು, ಕೊಟ್ಟ ಮಾತಿಗೆ ಬೆಲೆ ಇತ್ತು, ಆದರೆ ಬುದ್ಧಿ ಸ್ವಲ್ಪ ಕಮ್ಮಿ. ಇಷ್ಟೂ ಎರಡು ಪದದಲ್ಲಿ ಗೊತ್ತಾಯಿತಲ್ವಾ! ನಿಮ್ಮ ಆಟಗಾರರು ಒಂದು ಊರಿಗೆ ಕಾಲಿಟ್ಟಾಗ ಮೊದಲು ಕಾಣಬೇಕಾದದ್ದು ಇಂಥ ಗುರುತು. ಯಾಕೆ ಅಂತ ಅವರೇ ಕೇಳಬೇಕು.

ಹಾಗಾಗಿ ಮೊದಲು ಕೇಳಿಕೊಳ್ಳಿ: ಈ ಸೀಮೆಯಲ್ಲಿ ಜನ ನಿಜವಾಗಿ ಯಾವುದರಿಂದ ಸಾಯುತ್ತಾರೆ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. ಆಗ ಕಾಡಿಗೆ ತರಗೆಲೆಗೋ ಸೌದೆಗೋ ಹೋಗುವ ಮನೆಯಲ್ಲಿ ನೀವು ಇದ್ದೀರಿ, ವೈರಸ್ಸು ಗಿರಸ್ಸು ಯಾರೂ ಹೇಳಿಲ್ಲ ಅಂದುಕೊಳ್ಳಿ. ಮಂಗ ಬಿದ್ದ ಮರದ ಕೆಳಗೆ ಹೋದವನು ಮಲಗಿದ ಅನ್ನುವುದಷ್ಟೇ ಗೊತ್ತು. ಅಲ್ಲಿಂದ ಕಥೆ ಹುಟ್ಟಲು ಎಷ್ಟು ಹೊತ್ತು ಬೇಕು? ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಕೊಳೆತ ಕಟ್ಟಿಗೆಯ ಮೇಲೆ ಕೆಲವು ಅಣಬೆ ಹಸಿರಾಗಿ ಹೊಳೆಯುತ್ತವೆ. ಗದ್ದೆಯಂಚಿನ ಬೆಳಕಿಗೆ ಕೊಳ್ಳಿದೆವ್ವ ಅಂತ ಹೆಸರಿಟ್ಟ ನಾಡಿನಲ್ಲಿ ಅದನ್ನು ಕತ್ತಲಲ್ಲಿ ಒಬ್ಬನೇ ಕಂಡವನು ಮನೆಗೆ ಬಂದು ಏನು ಹೇಳಿರಬಹುದು, ನೀವೇ ಊಹಿಸಿ.

ನಿಮ್ಮ ಸೀಮೆಯಲ್ಲಿ ಹೊಳೆ ಇದೆ ಅಂದಿರಿ. ಹಾಗಾದರೆ ಜನ ಸಾಯುವುದು ಮಳೆಗಾಲದ ಮೊದಲ ಕೆನ್ನೀರು ಬಂದಾಗ, ದೋಣಿ ದಾಟುವಾಗ. ಅಲ್ಲಿಂದ ಒಂದು ಪದ್ಧತಿ ಮಾಡೋಣ. ಆ ಹೊಳೆಯಲ್ಲಿ ದೋಣಿ ಹತ್ತಿದ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಅಂಬಿಗ ಎಲ್ಲರನ್ನೂ ಅವರ ಸಾಮಾನಿನ ಹೆಸರಲ್ಲಿ ಕರೆಯುತ್ತಾನೆ. "ಓ ಅಕ್ಕಿ ಮೂಟೆ, ಈ ಕಡೆ ಸರಿ." "ಏ ಕೊಡೆ, ನಿಂತ್ಕೋಬೇಡ." ಗಂಡ ಹೆಂಡತಿಯನ್ನು "ಬುಟ್ಟಿ" ಅನ್ನುತ್ತಾನೆ. ಕೇಳಿದರೆ ನಕ್ಕುಬಿಡುತ್ತಾರೆ, ಆದರೆ ಒಬ್ಬರೂ ತಪ್ಪುವುದಿಲ್ಲ.

ಯಾಕೆ ಅಂತ ವಿಚಾರಿಸಿದರೆ ಮೂರು ಜನ ಮೂರು ಥರ ಹೇಳಬೇಕು. ಇದು ಮುಖ್ಯ. ಡಿಎಂಗಳು, ಅಂದರೆ ನಿಮ್ಮ ಹಾಗೆ ಆಟ ಆಡಿಸುವವರು, ಮಾಡುವ ದೊಡ್ಡ ತಪ್ಪು ಅಂದರೆ ಒಬ್ಬ ಮುದುಕನನ್ನು ಅರಳಿಕಟ್ಟೆ ಮೇಲೆ ಕೂರಿಸಿ ಪೂರ್ತಿ ಇತಿಹಾಸ ಅವನ ಬಾಯಲ್ಲಿ ಸುರಿಸುವುದು. ಯಾವ ಊರಿನ ಕಥೆಯೂ ಹಾಗೆ ಸಿಗುವುದಿಲ್ಲ. ಅಂಬಿಗ ಹೇಳುತ್ತಾನೆ, ಕೂಲಿ ಸಿಗದೆ ಮುಳುಗಿ ಸತ್ತ ಹಳೇ ಅಂಬಿಗ ನೀರಲ್ಲಿ ಇದ್ದಾನೆ, ಹೆಸರು ಗೊತ್ತಾದರೆ ಬಾಕಿ ಕೇಳಲು ಕರೆಯುತ್ತಾನೆ. ಪೂಜಾರಿ ಹೇಳುತ್ತಾನೆ, ಹೊಳೆಯಮ್ಮನ ಹರಕೆ ನಿಲ್ಲಿಸಿದ್ದಕ್ಕೆ ಹೀಗಾಯಿತು. ಇನ್ನು ರೇವಿನ ಪಕ್ಕ ಅವಲಕ್ಕಿ ಮಾರುವ ಅಜ್ಜಿ ಇದ್ದಾಳೆ. ಅವಳು ಮೊದಲು ಬಾಯಿ ಬಿಡುವುದಿಲ್ಲ. ಎರಡನೇ ಸಲ ಹೋದಾಗ, ಅದೂ ಅವಲಕ್ಕಿ ಕೊಂಡರೆ, "ಅಂಬಿಗನೂ ಅಲ್ಲ, ಅಮ್ಮನೂ ಅಲ್ಲ. ನನ್ನ ನಾದಿನಿ. ಊರ ಗೌಡ ತಳ್ಳಿದ್ದು. ಅವಳು ಮುಳುಗೋವಾಗ ಒಬ್ಬೊಬ್ಬರ ಹೆಸರು ಹಿಡಿದು ಕರೆದಳು, ಯಾರೂ ಕೈ ಕೊಡಲಿಲ್ಲ" ಅಂತಾಳೆ. ಈಗ ನಿಮ್ಮ ಆಟಗಾರರಿಗೆ ಕೊಲ್ಲುವ ಕೆಲಸ ಇದೆಯೋ, ಗೌಡನ ಮನೆ ಬಾಗಿಲು ತಟ್ಟುವ ಕೆಲಸ ಇದೆಯೋ? ಅವರು ಅವರವರಲ್ಲೇ ಜಗಳ ಆಡಲಿ. ನೀವು ಚಹಾ ಕುಡಿಯಿರಿ.

ಇಷ್ಟಾದ ಮೇಲೆ ಮೇಜಿನ ಮೇಲೆ ಮಾಡುವ ಒಂದು ಕಿತಾಪತಿ ಇದೆ. ನಾನು ಇದನ್ನು ಆಡಿಸಿ ನೋಡಿದ್ದೇನೆ. ದೋಣಿ ನಡುನೀರಿಗೆ ಬಂದಿದೆ, ಮಳೆ ಹೊಡೆಯುತ್ತಿದೆ. ನಾನು ಕಾಗದ ನೋಡುತ್ತಾ, ಲೆಕ್ಕ ಬರೆಯುವವನ ಥರ, ಸುಮ್ನೆ ಕೇಳಿದೆ: "ಚೆನ್ನವೀರ, ನಿನ್ನ ಹತ್ರ ಬಾಣ ಎಷ್ಟು ಉಳಿದಿವೆ?" ಆ ಪಾತ್ರ ಆಡುತ್ತಿದ್ದ ಹುಡುಗ ಪಾತ್ರದ ವಿವರ ಬರೆದ ಶೀಟ್ ನೋಡಿ "ಹನ್ನೊಂದು" ಅಂದ. ನಾನು ಮಾತಾಡಲಿಲ್ಲ. ಪಕ್ಕದ ಹುಡುಗಿ ಕೈಯಲ್ಲಿದ್ದ ಚಕ್ಕುಲಿ ಕೆಳಗಿಟ್ಟು "ಅಯ್ಯೋ, ಉತ್ತರ ಕೊಟ್ಟುಬಿಟ್ಟೆ ಕಣೋ" ಅಂದಳು. ಹೆಸರು ಹಿಡಿದು ಕರೆದದ್ದು ನಾನಲ್ಲ, ಹೊಳೆಯಲ್ಲಿರುವುದು ಅಂತ ಅವಳಿಗೆ ಗೊತ್ತಾಗಿತ್ತು. ಆಮೇಲೆ ಮುಕ್ಕಾಲು ಗಂಟೆ ಯಾರೂ ಫೋನ್ ಮುಟ್ಟಲಿಲ್ಲ. ಒಂದು ಷರತ್ತು ಇದೆ. ನಿಯಮ ಅವರ ಕಿವಿಗೆ ಮೊದಲೇ ಎರಡು ಸಲವಾದರೂ ಬಿದ್ದಿರಬೇಕು, ಇಲ್ಲದಿದ್ದರೆ ಅದು ಮೋಸ. ಮತ್ತೆ, ಉತ್ತರ ಕೊಟ್ಟ ತಕ್ಷಣ ಪಾತ್ರ ಸಾಯಬಾರದು. ಇನ್ನು ಮೇಲೆ ಅವನ ಹೆಸರು ಅದಕ್ಕೆ ಗೊತ್ತು, ಅಷ್ಟೇ. ಬಾವಿ ಹತ್ತಿರ ಹೋದಾಗ, ಕೆರೆ ಏರಿ ಮೇಲೆ ಮಲಗಿದಾಗ ಅದು ಕೆಲಸಕ್ಕೆ ಬರುತ್ತದೆ.

ರೂಪವನ್ನು ಕೊನೆಗೆ ಇಟ್ಟುಕೊಳ್ಳಿ. ಯಕ್ಷಗಾನದ ಬಣ್ಣದ ವೇಷ ನೋಡಿದ್ದೀರಲ್ವಾ? ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಇಡಲು ಗಂಟೆಗಟ್ಟಲೆ ಕೂತಿರುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿದ ಮುಖವನ್ನು ರಂಗಕ್ಕೆ ಬಂದ ತಕ್ಷಣ ತೋರಿಸುತ್ತಾರಾ? ಇಲ್ಲ. ತೆರೆ ಹಿಡಿಯುತ್ತಾರೆ. ಚೆಂಡೆ ಬಾರಿಸುತ್ತದೆ, ತೆರೆಯ ಹಿಂದಿನಿಂದ ಆರ್ಭಟ ಕೇಳುತ್ತದೆ, ಮೇಲೆ ಕಿರೀಟದ ತುದಿ ಕಾಣುತ್ತದೆ, ತೆರೆ ಸ್ವಲ್ಪ ಇಳಿದು ಮತ್ತೆ ಏರುತ್ತದೆ. ಮುಂದಿನ ಸಾಲಿನಲ್ಲಿ ಕೂತ ಮಕ್ಕಳು ಅಷ್ಟರಲ್ಲೇ ಅಜ್ಜಿ ಸೆರಗು ಹಿಡಿದಾಗಿರುತ್ತದೆ. ನಿಮ್ಮ ಹೊಳೆಯಲ್ಲಿರುವುದು ಮೊದಲ ಮೂರು ಸೆಷನ್ ಬರೀ ದನಿಯಾಗಿ ಇರಲಿ.

ಅಂಕಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ಆಟದ 2014ರ ಮಾನ್‌ಸ್ಟರ್ ಪುಸ್ತಕದ ಕಂದು ಕರಡಿಯ ಅಂಕಿಗಳನ್ನೇ ಎತ್ತಿಕೊಳ್ಳಿ, 34 ಹಿಟ್ ಪಾಯಿಂಟ್, ಒಂದು ವಿಶೇಷ ಸಾಮರ್ಥ್ಯ ಸೇರಿಸಿ, ಸಾಕು. ಮೇಜಿನ ಆ ಕಡೆ ಕೂತವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನನ್ನ ಕ್ಯಾಂಪೇನ್‌ನಲ್ಲಿ (ವಾರಗಟ್ಟಲೆ ಆಡುವ ಒಂದೇ ಕಥೆಯಲ್ಲಿ) ಗುಳಿಗ, ಪಂಜುರ್ಲಿಯನ್ನು ಬಾಸ್ ಮಾನ್‌ಸ್ಟರ್, ಅಂದರೆ ಕೊನೆಗೆ ಕೊಲ್ಲಬೇಕಾದ ದೊಡ್ಡ ಶತ್ರು, ಮಾಡಿದ್ದೆ. ಮಂಗಳೂರು ಕಡೆಯ ಒಬ್ಬ ಗೆಳತಿ ಆಟ ಬಿಟ್ಟು ಎದ್ದು ಹೋದಳು. ಇದು ಬರೀ ಆಟ ತಾನೇ?

ಉತ್ತರ: ನಿಮಗೆ ಆಟ. ಅವಳ ಮನೆಯಲ್ಲಿ ವರ್ಷ ವರ್ಷ ಕೋಲ ಕೊಡುತ್ತಿರಬಹುದು. ತುಳುನಾಡಿನ ದೈವ ಅಂದರೆ ದೆವ್ವ ಅಲ್ಲ. ಭೂತ ಅನ್ನುವ ಪದಕ್ಕೆ ಅಲ್ಲಿ ಬೇರೆ ಅರ್ಥ ಇದೆ. ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ ದೈವದ ಮುಂದೆ ಬಂದು ತೀರ್ಮಾನ ಆಗುತ್ತವೆ. ಅದನ್ನು ತಂದು ನಾಲ್ಕು ಜನ ಡೈಸ್ ಉರುಳಿಸಿ "ಸತ್ತ" ಅಂದರೆ ಯಾರಿಗೆ ತಾನೇ ಬೇಜಾರಾಗಲ್ಲ? ಫೋನ್ ಮಾಡಿ ಸಾರಿ ಕೇಳಿ. ಮೊದಲು ಅದು.

ಹೆಸರು ಬಿಡಿ, ಅದರೊಳಗಿನ ಲೆಕ್ಕಾಚಾರ ನೋಡಿ. ಪಂಜುರ್ಲಿ ಹಂದಿಯ ರೂಪದ ದೈವ. ಹಂದಿ ಒಂದು ರಾತ್ರಿ ಗದ್ದೆಗೆ ನುಗ್ಗಿದರೆ ಬೆಳೆ ಹೋಯಿತು ಅಂತಲೇ ಲೆಕ್ಕ. ಯಾವುದು ಬೆಳೆ ಹಾಳು ಮಾಡುತ್ತದೋ ಅದರ ರೂಪದಲ್ಲೇ ಕಾಯುವ ದೈವ ನಿಂತಿದೆ! ಉತ್ತರ ಕನ್ನಡದಲ್ಲಿ ಹುಲಿಯಪ್ಪನ ಕಲ್ಲಿಗೆ ಹಣ್ಣುಕಾಯಿ ಮಾಡುವುದೂ ಇದೇ ದಾರಿ. ನಿಮ್ಮ ಸೀಮೆಗೆ ಇದರಿಂದ ಏನು ಸಿಗುತ್ತದೆ ಅಂದರೆ, ಕೊಲ್ಲಲು ಆಗದ, ಕೊಲ್ಲಲೂ ಬಾರದ, ಮಾತು ಕೊಟ್ಟು ಮಾತು ಪಡೆಯಬೇಕಾದ ಒಂದು ಶಕ್ತಿ. ಊರು ಮಾತಿಗೆ ತಪ್ಪಿದೆ, ಯಾವ ಮಾತು ಅಂತ ಈಗಿನವರಿಗೆ ಮರೆತೇ ಹೋಗಿದೆ. ನಿಮ್ಮ ಆಟಗಾರರು ಅದನ್ನು ಹುಡುಕಲಿ. ಹೆಸರು, ವೇಷ, ಕಾಣಿಕೆ ಎಲ್ಲ ನಿಮ್ಮದೇ ಇರಲಿ.

ಬೇರು ಬಿಟ್ಟು ಬರೀ ಹೆಸರು ಕಿತ್ತು ತಂದರೆ ಏನಾಗುತ್ತದೆ ಅನ್ನುವುದಕ್ಕೆ ಈ ಆಟದಲ್ಲೇ ಉದಾಹರಣೆ ಇದೆ. 1977ರ ಮಾನ್‌ಸ್ಟರ್ ಪುಸ್ತಕದಲ್ಲಿ "ರಾಕ್ಷಸ" ಇದ್ದಾನೆ. ಹುಲಿ ತಲೆ, ಕೈಯಲ್ಲಿ ಪೈಪ್. ಮಂತ್ರಿಸಿದ ಬಾಣ ತಗುಲಿದರೆ ಸಾವು. ಚಿತ್ರ ಚೆನ್ನಾಗಿದೆ, ಸುಳ್ಳು ಹೇಳಲ್ಲ, ನನಗೆ ಇಷ್ಟ. ಆದರೆ ಹತ್ತು ತಲೆಯಲ್ಲಿ ವಿದ್ಯೆ ತುಂಬಿಕೊಂಡು ಶಿವಭಕ್ತನೂ ಆಗಿದ್ದ ನಮ್ಮ ರಾವಣನಿಗೂ ಇವನಿಗೂ ಯಾವ ನೆಂಟಸ್ತಿಕೆ? ಹಾಗಂತ ಎಲ್ಲಕ್ಕೂ ಜಾನಪದದ ಬೇರು ಬೇಕೇ ಬೇಕು ಅಂತಲೂ ಅಲ್ಲ. ಇದೇ ಆಟದ ಗೂಬೆ ಮುಖದ ಕರಡಿ ಹುಟ್ಟಿದ್ದು ಹಾಂಗ್ ಕಾಂಗ್‌ನಿಂದ ಬಂದ ಅಗ್ಗದ ಪ್ಲಾಸ್ಟಿಕ್ ಗೊಂಬೆ ನೋಡಿ. ಆ ಗೊಂಬೆಗೆ ಯಾರೂ ಕಾಣಿಕೆ ಇಡುತ್ತಿರಲಿಲ್ಲ, ಹಾಗಾಗಿ ಯಾರಿಗೂ ನೋವಾಗಲಿಲ್ಲ.

ಪ್ರಶ್ನೆ: ಹೆಸರು ಇಡುವುದೇ ಕಷ್ಟ. ಕನ್ನಡದಲ್ಲಿ ಇಟ್ಟರೆ ಪೌರಾಣಿಕ ಸಿನಿಮಾ ಥರ ಕೇಳುತ್ತದೆ, ಇಂಗ್ಲಿಷಿನಲ್ಲಿ ಇಟ್ಟರೆ ವಿಡಿಯೊ ಗೇಮ್ ಥರ.

ಉತ್ತರ: "ಘೋರದಂಷ್ಟ್ರಾಸುರ" ಅಂತ ಏನಾದರೂ ಇಟ್ಟಿದ್ದೀರಾ? ತೆಗೆದುಬಿಡಿ. ಜನ ಹೆದರುವುದರ ಹೆಸರನ್ನು ದೊಡ್ಡದು ಮಾಡುವುದಿಲ್ಲ, ಮುಚ್ಚಿಡುತ್ತಾರೆ. ಹಾವು ಕಚ್ಚಿದರೆ ಹಳ್ಳಿಯಲ್ಲಿ "ಹುಳ ಮುಟ್ಟಿತು" ಅನ್ನುತ್ತಾರೆ. ಸಿಡುಬು ಇದ್ದ ಕಾಲದಲ್ಲಿ ಅದು ಬಂದರೆ "ಅಮ್ಮ ಬಂದಿದ್ದಾಳೆ" ಅನ್ನುತ್ತಿದ್ದರು. ಮಕ್ಕಳಿಗೆ ಗುಮ್ಮ ಸಾಕು, ಎರಡೇ ಅಕ್ಷರ. ಮೊದಲ ಉತ್ತರದ ಹೊಳೆಯಲ್ಲಿರುವುದಕ್ಕೆ ನಾನು ಇಟ್ಟ ಹೆಸರು "ಆಚೆಯೋರು". ಬಹುವಚನ, ಮರ್ಯಾದೆ ಕೊಟ್ಟು. "ನಿನ್ನೆ ರಾತ್ರಿ ಆಚೆಯೋರು ಕರೆದ್ರಂತೆ" ಅಂತ ಪಾತ್ರದ ಬಾಯಲ್ಲಿ ಮೆಲ್ಲಗೆ ಹೇಳಿ ನೋಡಿ. ನೆಂಟರ ವಿಷಯ ಮಾತಾಡಿದ ಹಾಗೆ ಕೇಳಬೇಕು. ನಿಜವಾದ ಹೆಸರು ಬೇಕಾದರೆ ಎಲ್ಲೋ ಒಂದು ಮಾಸ್ತಿಕಲ್ಲಿನ ಮೇಲೆ ಇರಲಿ, ಅರ್ಧ ಅಳಿಸಿಹೋಗಿ.

ಮೊದಲು ಕೇಳಿದವರಿಗೆ ಒಂದು ಮಾತು ಬಾಕಿ ಇತ್ತು. ಆ ತೋಳವನ್ನು ಎಸೆಯಬೇಡಿ. ಮುಂದಿನ ವಾರ ನಿಮ್ಮ ಗೆಳೆಯರು ಇನ್ನೊಂದು ಊರಿಗೆ ಹೋದಾಗ, ಅಲ್ಲಿನ ಗಡಂಗಿನಲ್ಲಿ ಒಬ್ಬ ಕುಡುಕ ಆ ಕಥೆಯನ್ನು ಹೇಳುತ್ತಿರಲಿ. ತೋಳಕ್ಕೆ ಐದು ತಲೆ, ಕೊಂದದ್ದು ತಾನೊಬ್ಬನೇ.